ತಿರುಗಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ

ಡಿಗ್ರಿ ಮುಗಿಸಿದ ಹುಡುಗನೋ ಹುಡುಗಿಯೋ ಹಾಡಿನ ತಂಡ, ನಾಟಕ ತಂಡದ ಜತೆ ಊರೂರು ಸುತ್ತಲು ಹೊರಟರೆ ಉಮ್ಮಚಗಿಯಂಥ ಊರಿನಲ್ಲಿ ಮೊದಲು ಏಳುವ ಪ್ರಶ್ನೆ ‘ಹೊಟ್ಟೆಪಾಡಿಗೆ ಎಂತ?’ ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ತಿರುಗಾಟವೆಂದರೆ ಕಾಲಹರಣ ಎಂಬ ತೀರ್ಮಾನ ಸರಿಯಲ್ಲ.

ನಮ್ಮ ಜಿಲ್ಲೆಗೆ ತಿರುಗಾಟ ಹೊಸದಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಹೊನ್ನಾವರದಿಂದ ಹೊರಟು ದೇಶ ವಿದೇಶ ಸುತ್ತಿದೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1985ರಲ್ಲಿ ಶುರುವಾದ ನೀನಾಸಂ ತಿರುಗಾಟ ಯುವ ಕಲಾವಿದರನ್ನು ನಾಡಿನ ಊರೂರಿಗೆ ಒಯ್ಯುತ್ತ ಬಂದಿದೆ. ಕ್ರಿಸ್‌ಮಸ್ ಹೊತ್ತಿಗೆ ಮನೆಮನೆಗೆ ಹೋಗಿ ಹಾಡುವ ಚರ್ಚಿನ ಯುವ ತಂಡಗಳದ್ದೂ ಇದೇ ದಾರಿ.

ಹೊತ್ತಿಗೆ ಸರಿಯಾಗಿ ತಯಾರಾಗುವುದು, ಸಾಮಾನು ಇಳಿಸಿ ಏರಿಸುವುದು, ಕೈಕೊಟ್ಟ ಮೈಕಿನ ಮುಂದೆಯೂ ಕಾರ್ಯಕ್ರಮ ನಿಲ್ಲದಂತೆ ನೋಡಿಕೊಳ್ಳುವುದು, ಗುರುತಿಲ್ಲದವರ ಮನೆಯಲ್ಲಿ ಉಂಡು ಹೊಂದಿಕೊಳ್ಳುವುದು – ಕೆಲಸ ಕೊಡುವವರು ಕೇಳುವ ಗುಣಗಳು ಇವೇ ಅಲ್ಲವೇ? ಬಯೋಡಾಟಾದಲ್ಲಿ ‘ಹವ್ಯಾಸ’ ಎಂದು ಒಂದೇ ಪದ ಬರೆದು ಬಿಡಬೇಡಿ. ಎಷ್ಟು ತಿಂಗಳು, ಎಷ್ಟು ಪ್ರದರ್ಶನ, ನಿಮ್ಮ ಹೊಣೆ ಯಾವುದು ಎಂದು ಬರೆಯಿರಿ.

ಹೊರಡುವ ಮೊದಲು ಸಂಭಾವನೆ, ಊಟ, ವಸತಿ, ಹೆಣ್ಣುಮಕ್ಕಳ ಸುರಕ್ಷತೆಯ ಏರ್ಪಾಡು ವಿಚಾರಿಸಲು ಸಂಕೋಚ ಬೇಡ. ಕಾಲೇಜುಗಳೂ ಕ್ರೀಡೆ, ಎನ್‌ಸಿಸಿಗೆ ತೋರುವ ಹಾಜರಿಯ ರಿಯಾಯಿತಿಯನ್ನು ಇಂಥ ತಂಡಗಳ ವಿದ್ಯಾರ್ಥಿಗಳಿಗೂ ತೋರಲಿ. ಹಾಗಾದರೆ ಹಾಡುವ ಮಕ್ಕಳು ಓದು ಬಿಡಬೇಕಾಗಿಲ್ಲ, ಓದುವ ಮಕ್ಕಳು ಹಾಡು ಬಿಡಬೇಕಾಗಿಲ್ಲ.