ಬೆಂದ ಸಿಗಡಿಗೆ ಎರಡನೆಯ ಶಿಕ್ಷೆ

ಕಳೆದ ವಾರ ಬೆಂಗಳೂರಿನಲ್ಲಿ ಬಂಧುಗಳೊಬ್ಬರ ಮನೆಯಲ್ಲಿ ಊಟ. ಸಿಗಡಿ ಗಸಿಯ ಪರಿಮಳವೇನೋ ನಮ್ಮ ಕುಂದಾಪುರದ್ದೇ. ಸಿಗಡಿ ಮಾತ್ರ ಹಲ್ಲಿಗೆ ಜಗ್ಗಲಿಲ್ಲ. “ಪ್ಯಾಕೆಟ್ಟಿನ ಚಟ್ಲಿ ಅಂದ್ರೆ ರಬ್ಬರೇ. ಮಾಡುವವರಿಗೂ ಕೈಗುಣ ಬೇಕಲ್ಲ” ಎಂದು ಅತ್ತೆ ಎಲ್ಲರೆದುರು ಸೊಸೆಯನ್ನು ಚುಚ್ಚಿದರು. ಆ ಹುಡುಗಿ ತಲೆ ತಗ್ಗಿಸಿದಳು. ನಾನು ಸುಮ್ಮನಿದ್ದೆ, ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಯಾರ ಮನೆಯೆಂದು ಬಂಧುಗಳು ಊಹಿಸಬಲ್ಲರು. ಮುನಿಸಿಕೊಳ್ಳುವವರು ಮುನಿಸಿಕೊಳ್ಳಲಿ.

ತಪ್ಪು ಪ್ಯಾಕೆಟ್ಟಿನದಲ್ಲ, ಸೊಸೆಯದೂ ಅಲ್ಲ. ಕೈ ತೊಳೆಯಲು ಹೋದಾಗ ವಿಚಾರಿಸಿದೆ. ಪ್ಯಾಕೆಟ್ಟಿನಲ್ಲಿದ್ದುದು ಮೊದಲೇ ಬೇಯಿಸಿ ಹೆಪ್ಪುಗಟ್ಟಿಸಿದ ಸಿಗಡಿ. ಅತ್ತೆಯ ಅಪ್ಪಣೆಯಂತೆ ಅದು ಮಸಾಲೆಯಲ್ಲಿ ಮತ್ತೆ ಕಾಲು ಗಂಟೆ ಕುದಿದಿತ್ತು!

ಕುದಿಸಿದಷ್ಟೂ ಮೆತ್ತಗಾಗುತ್ತದೆ ಎಂಬುದು ಕುರಿಮಾಂಸದ ಲೆಕ್ಕ. ಅದರಲ್ಲಿರುವ ಕೊಲಾಜನ್ ಎಂಬ ಗಟ್ಟಿ ನಾರು ದೀರ್ಘಕಾಲ ಕುದಿದು ಜೆಲಟಿನ್ ಆಗಿ ಕರಗುತ್ತದೆ. ಸಿಗಡಿಯಲ್ಲಿ ಹಾಗೆ ಕರಗಬೇಕಾದುದು ಅತ್ಯಲ್ಪ. ಅದರ ಪ್ರೋಟೀನು ಕಾವು ಏರಿದಂತೆ ಮುದುಡಿ ಒಳಗಿನ ನೀರನ್ನು ಹಿಂಡಿಹಾಕುತ್ತದೆ. ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾಗುವ ಪಾಠವನ್ನು ನನ್ನ ತರಗತಿಯಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಹೋದ ನೀರು ಎಷ್ಟು ಕುದಿಸಿದರೂ ಹಿಂತಿರುಗದು.

“ಚೆನ್ನಾಗಿ ಕುದಿಸದಿದ್ದರೆ ಹೊಟ್ಟೆ ಕೆಡದೇ?” ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ನನ್ನ ತಾಯಿಯೂ ಉಳಿದ ಸಾರನ್ನು ಸಂಜೆಗೊಮ್ಮೆ, ಬೆಳಿಗ್ಗೆಗೊಮ್ಮೆ ಕುದಿಸಿಡುತ್ತಿದ್ದರು. ಅದು ಆ ಕಾಲದ ವಿವೇಕ. ಆದರೆ ಹೊರಗಿಟ್ಟು ಕೆಟ್ಟುದನ್ನು ಕುದಿಸಿ ಸರಿಪಡಿಸಲಾಗದು. ಕೆಲವು ಬ್ಯಾಕ್ಟೀರಿಯಾಗಳ ವಿಷ ಕುದಿಯುವ ನೀರಿನಲ್ಲೂ ಉಳಿಯುತ್ತದೆ. ಉಳಿದ ಅಡುಗೆಯನ್ನು 74 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಿರೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಗರ್ಭಿಣಿಯರೂ ನನ್ನಂಥ ವೃದ್ಧರೂ ಇದನ್ನು ಮೀರಬಾರದು. ಆದರೆ ಬೆರಳಿನಷ್ಟು ಸಿಗಡಿಗೆ ಅಷ್ಟು ಕಾವು ತಗುಲಲು ಕಾಲು ಗಂಟೆ ಬೇಕೆ?

ಹಿಂದಿನ ರಾತ್ರಿಯೇ ಅದನ್ನು ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಮಂಜು ಬಿಟ್ಟ ಮೇಲೆ ನೀರು ಬಸಿಯಿರಿ. ಮಸಾಲೆಯನ್ನು ಮನಸಾರೆ ಕುದಿಸಿ, ಉಪ್ಪು ಹುಳಿ ಎಲ್ಲವನ್ನೂ ಮೊದಲೇ ಸರಿಮಾಡಿಕೊಳ್ಳಿ. ಬಡಿಸುವ ಹೊತ್ತಿಗೆ ಸಿಗಡಿ ಹಾಕಿ, ಉರಿ ತಗ್ಗಿಸಿ ಮುಚ್ಚಿಡಿ. ಎರಡು ಮೂರು ನಿಮಿಷದಲ್ಲಿ ಒಂದನ್ನು ಮುರಿದು ನೋಡಿ; ನಡುವೆಯೂ ಹಬೆಯಾಡುತ್ತಿದ್ದರೆ ಇಳಿಸಿಬಿಡಿ. ನಿನ್ನೆಯ ಗಸಿಯಾದರೆ ಸಿಗಡಿಯನ್ನು ಸೌಟಿನಿಂದ ಆರಿಸಿ ತೆಗೆದು, ರಸವನ್ನಷ್ಟೇ ಕುದಿಸಿ, ಆಮೇಲೆ ಹೀಗೆಯೇ ಸೇರಿಸಿರಿ. ಮೈಕ್ರೋವೇವ್ ಬೇಡ, ಒಂದು ತುದಿ ಸುಟ್ಟು ಇನ್ನೊಂದು ತಣ್ಣಗಿರುತ್ತದೆ.

ಮುಂದಿನ ತಿಂಗಳು ಆ ಮನೆಗೆ ಮತ್ತೆ ಹೋಗುವುದಿದೆ. ಅತ್ತೆಯವರ ಎದುರಿನಲ್ಲೇ, ಕೈಯಲ್ಲಿ ಗಡಿಯಾರ ಹಿಡಿದು, ಒಲೆಯ ಬಳಿ ನಾನೇ ನಿಲ್ಲುತ್ತೇನೆ.