ಮೇಷ್ಟ್ರುಗಳೂ ಒಟ್ಟಿಗೆ ಕೂತು ಕಲಿಯಲಿ

ಲೆಕ್ಕ ಬಾರದಿದ್ದರೆ ನಾವು ಪಕ್ಕದ ಬೆಂಚಿನವರನ್ನು ಕೇಳುತ್ತೇವೆ. ಒಂದು ಪಾಠವನ್ನು ಹೇಗೆ ಹೇಳಬೇಕೆಂದು ಹೊಳೆಯದಿದ್ದರೆ ನಮ್ಮ ಉಪನ್ಯಾಸಕರು ಯಾರನ್ನು ಕೇಳಬೇಕು? ಸಣ್ಣ ಪಿಯು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಒಂದು ವಿಷಯಕ್ಕೆ ಒಬ್ಬರೇ. ಭೌತಶಾಸ್ತ್ರದ ಸರ್ ಪಕ್ಕದಲ್ಲಿ ಕೂರುವವರು ಇತಿಹಾಸದ ಮೇಡಂ.

ಇದರ ಪೆಟ್ಟು ಬೀಳುವುದು ನಮಗೆ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ವಿಜ್ಞಾನಕ್ಕೆ ಸೇರಿದವರಿಗೆ ಇದ್ದಕ್ಕಿದ್ದಂತೆ ಎಲ್ಲವೂ ಇಂಗ್ಲಿಷ್. 'ವೇಗೋತ್ಕರ್ಷ' ಎಂದು ಕಲಿತದ್ದು 'ಆಕ್ಸಿಲರೇಷನ್' ಆಗಿ ಬಂದಾಗ ಗೊತ್ತಿದ್ದದ್ದೂ ಗೊತ್ತಿಲ್ಲದಂತಾಗುತ್ತದೆ. ಹೈಸ್ಕೂಲಿನಲ್ಲಿ ಅದನ್ನು ಕಲಿಸಿದವರಿಗೂ ಇಲ್ಲಿ ಮುಂದುವರಿಸುವವರಿಗೂ ಎಷ್ಟೋ ಸಲ ಮುಖ ಪರಿಚಯವೂ ಇರುವುದಿಲ್ಲ.

ತರಬೇತಿ ಇದೆಯಲ್ಲ ಎನ್ನಬಹುದು. ಅಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಶಿಕ್ಷಕರೇ ಸೇರಿ ಕಲಿತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಕ್ರಮ ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ಒಟ್ಟಿಗೆ ಕೂತು ತಯಾರಿಸಿದರು. ಅದೇ ನಲಿ-ಕಲಿ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ನಮ್ಮಲ್ಲಿ ಹಲವರು ಒಂದನೇ ತರಗತಿಯಲ್ಲಿ ಕಲಿತದ್ದು ಆ ಕ್ರಮದಲ್ಲೇ.

ನಮ್ಮಲ್ಲೂ ಇದು ಆಗಬಹುದು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರುಗಳ ರೈಲು ದಾರಿ ಕೂಡುವುದು ಬೀರೂರಿನಲ್ಲಿ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಒಂದೊಂದು ವಿಷಯದ ಉಪನ್ಯಾಸಕರು ಅಲ್ಲಿ ಸೇರಲಿ. ಹೈಸ್ಕೂಲಿನವರನ್ನೂ ಕರೆಯಲಿ. ವೇದಿಕೆ, ಹಾರ, ಶಾಲು ಬೇಡ. ಮಕ್ಕಳು ಎಡವುವ ಒಂದು ಪಾಠ ಮತ್ತು ಹೆಸರು ಮುಚ್ಚಿದ ಐದು ಉತ್ತರ ಪತ್ರಿಕೆ ತಂದರೆ ಸಾಕು. ತಪ್ಪು ಎಲ್ಲಿ ಹುಟ್ಟಿತು ಎಂದು ಮಾತಾಡಲಿ. ಮುಂದಿನ ತಿಂಗಳು, ಹೊಸದಾಗಿ ಮಾಡಿ ನೋಡಿದ್ದು ಫಲ ಕೊಟ್ಟಿತೇ ಎಂದು ಹೇಳಲಿ.

ಬಿಡುವಿಲ್ಲ ಎಂಬುದು ಸುಳ್ಳಲ್ಲ. ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಅದಕ್ಕೇ ಆಡಳಿತ ಮಂಡಳಿಗಳು ಈ ಸಭೆಯನ್ನು ಕರ್ತವ್ಯವೆಂದೇ ಎಣಿಸಿ ಓಓಡಿ ಮತ್ತು ಬಸ್ ಚಾರ್ಜು ಕೊಡಬೇಕು. ಫಲಿತಾಂಶದ ಫ್ಲೆಕ್ಸ್‌ನಲ್ಲಿ ಕಾಲೇಜುಗಳು ಪೈಪೋಟಿ ಮಾಡಲಿ, ಆದರೆ ಒಳ್ಳೆಯ ಪಾಠವನ್ನು ಬಚ್ಚಿಡುವುದು ಬೇಡ.

ಇನ್ನೊಬ್ಬ ಉಪನ್ಯಾಸಕರ ಮುಂದೆ "ಇದು ನನಗೆ ಸರಿಯಾಗಿ ಹೇಳಲು ಬರುತ್ತಿಲ್ಲ" ಎನ್ನಬಲ್ಲ ಸರ್ ತರಗತಿಯಲ್ಲಿ, ತಿಳಿಯಲಿಲ್ಲ ಎಂದು ಕೈ ಎತ್ತಲು ನಮಗೂ ಹೆದರಿಕೆ ಇರುವುದಿಲ್ಲ.