ಕಿಸೆಯೊಳಗಿನ ಹಾಡುಪೆಟ್ಟಿಗೆ: ಸುಖವೂ ಸಂಕಟವೂ

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಮನೆಗೆ ಒಂದು ಹೊಸ ಯಂತ್ರ ಬಂತು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಅಂಗಿಯ ಕಿಸೆಗೆ ಹಾಕಿಕೊಂಡರೆ, ಇದೆಯೋ ಬಿದ್ದುಹೋಯಿತೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಹಾಡು, ಮಾತು, ತಾಳಮದ್ದಳೆ ಏನನ್ನಾದರೂ ತುಂಬಿಸಿಟ್ಟು ಬೇಕೆಂದಾಗ ಕೇಳಬಹುದಾದ ಇದನ್ನು ಅಂಗಡಿಯವರು ಎಂ.ಪಿ.3 ಪ್ಲೇಯರ್ ಎನ್ನುತ್ತಾರೆ. ಶಾಲೆಯಲ್ಲಿ ಇದನ್ನು ಕಂಡ ಸಹೋದ್ಯೋಗಿಯೊಬ್ಬರು, "ಮೊಬೈಲು ಇರುವಾಗ ಇದು ಯಾಕೆ ಮಾಸ್ಟ್ರೇ? ಕಾರು ಇದ್ದವ ಎತ್ತಿನ ಗಾಡಿ ಕೊಂಡ ಹಾಗಾಯಿತಲ್ಲ" ಎಂದು ನಕ್ಕರು. ಆಗ ನಮಗೂ ಉತ್ತರ ಹೊಳೆಯಲಿಲ್ಲ. ಕೆಲವು ತಿಂಗಳು ಬಳಸಿದ ಮೇಲೆ ಹೊಳೆದಿದೆ. ಅದು ನಮ್ಮಂತಹ ಗಡಿನಾಡಿನ ಕನ್ನಡ ಮನೆಗಳಿಗೆಲ್ಲ ಸಂಬಂಧಿಸಿದ ಮಾತಾದುದರಿಂದ ವಾಚಕರ ಮುಂದಿಡುತ್ತಿದ್ದೇವೆ.

ಯಂತ್ರವನ್ನು ಕೊಟ್ಟವನು ನಮ್ಮ ಅಕ್ಕನ ಮಗ. ಅಕ್ಕನ ಮನೆ ಮಹಾರಾಷ್ಟ್ರದ ಶಿರೋಳಿಯಲ್ಲಿ. ಕೊಲ್ಹಾಪುರ ಪೇಟೆಯಿಂದ ಪಂಚಗಂಗಾ ನದಿ ದಾಟಿದರೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಿಗುವ ಊರು ಅದು. ಸೇತುವೆಯ ಶಿರೋಳಿ ಎಂಬ ಅರ್ಥದಲ್ಲಿ ಅಲ್ಲಿಯವರು ಅದನ್ನು 'ಪುಲಾಚಿ ಶಿರೋಲಿ' ಎಂದು ಕರೆಯುತ್ತಾರೆ. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಿಗೆ ಹೆಸರಾದ ಸ್ಥಳ. ಭಾವ ಹೆದ್ದಾರಿಯ ಬದಿಯಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿದ್ದಾರೆ. ಮಗ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಬೀದಿಯಲ್ಲಿ ಮರಾಠಿ, ಕಾರ್ಖಾನೆಯಲ್ಲಿ ಮರಾಠಿ ಮತ್ತು ಹಿಂದಿ, ಅಡುಗೆಮನೆಯಲ್ಲಿ ಮಾತ್ರ ಕನ್ನಡ. ಹುಡುಗ ಓದಿದ್ದು ಮರಾಠಿ ಮಾಧ್ಯಮದಲ್ಲಿ. ನಮ್ಮೊಡನೆ ಚೆನ್ನಾಗಿಯೇ ಕನ್ನಡ ಮಾತಾಡುತ್ತಾನೆ, ಆದರೆ ಒಂದು ಅಕ್ಷರವನ್ನೂ ಓದಲಾರ. ನಮ್ಮ ಜಿಲ್ಲೆಯಲ್ಲಿ ಮಲಯಾಳಕ್ಕೆ ಇರುವ ಸ್ಥಾನ ಅಲ್ಲಿ ಮರಾಠಿಗೆ. ನಮಗೆ ಕನ್ನಡ ಶಾಲೆಯಾದರೂ ಇದೆ, ಅವನಿಗೆ ಅದೂ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲು ಸುಖದ ಮಾತು. ಇದರೊಳಗೆ ಉಗುರಿನಷ್ಟು ಅಗಲದ 32 ಜಿ.ಬಿ. ಕಾರ್ಡು ಇದೆ. ಸಾಧಾರಣ ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಸುಮಾರು ಒಂದು ಎಂ.ಬಿ. ಜಾಗ ಸಾಕು. ಅಂದರೆ 500 ಗಂಟೆಗೂ ಮಿಕ್ಕಿದ ಧ್ವನಿ ಅದರಲ್ಲಿ ಹಿಡಿಯುತ್ತದೆ. 60 ನಿಮಿಷದ ಕ್ಯಾಸೆಟ್ಟುಗಳ ಲೆಕ್ಕದಲ್ಲಿ 500 ಕ್ಯಾಸೆಟ್ಟು. ಒಂದು ಗೋದ್ರೇಜ್ ಕಪಾಟು ತುಂಬುವಷ್ಟು ಸರಕು ಉಗುರಿನ ಮೇಲೆ! ಇಂಟರ್‌ನೆಟ್ ಬೇಡ, ತಿಂಗಳ ಚಂದಾ ಬೇಡ, ಹಾಡಿನ ನಡುವೆ ಸಾಬೂನಿನ ಜಾಹೀರಾತು ಇಲ್ಲ, ಭಾಗವತರು ಏರುಪದಕ್ಕೆ ಬರುವಾಗ ಯಾರದೋ ಫೋನು ಬಂದು ಬಾಯಿ ಕಟ್ಟುವುದಿಲ್ಲ. ಶಿರೋಳಿಯಿಂದ ಹಿಂದಿರುಗುವಾಗ ಆಂಬಾ ಘಾಟಿಯಲ್ಲಿ ಬಸ್ಸು ಇಳಿಯುತ್ತಿದ್ದಷ್ಟು ಹೊತ್ತೂ ನಾವು ಕೇಳುತ್ತಲೇ ಇದ್ದೆವು. ರತ್ನಾಗಿರಿ ಬಂದದ್ದೇ ತಿಳಿಯಲಿಲ್ಲ.

ಇನ್ನು ಸಂಕಟ. ಊರಿಗೆ ಬಂದು, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಬಲಿಪ ನಾರಾಯಣ ಭಾಗವತರ ಹಾಡು ಎಂದು ಒಂದೊಂದಕ್ಕೂ ಅಚ್ಚುಕಟ್ಟಾಗಿ ಕನ್ನಡದಲ್ಲಿ ಹೆಸರು ಕೊಟ್ಟು ತುಂಬಿಸಿದೆವು. ಯಂತ್ರದ ಪರದೆಯಲ್ಲಿ ಕಂಡದ್ದು ಸಾಲು ಸಾಲು ಖಾಲಿ ಚೌಕಗಳು. ಅದಕ್ಕೆ ಕನ್ನಡದ ಅಕ್ಷರ ಗೊತ್ತಿಲ್ಲ! ಅಂಗಡಿಯಲ್ಲಿ ವಿಚಾರಿಸಿದರೆ, "ಇಂಗ್ಲಿಷಿನಲ್ಲಿ ಬರೆಯಿರಿ ಸಾರ್" ಎಂಬ ಉತ್ತರ. ಅರ್ಜಿ ನಮೂನೆಯಲ್ಲಿ, ಬಸ್ಸಿನ ಬೋರ್ಡಿನಲ್ಲಿ, ಔಷಧದ ಚೀಟಿಯಲ್ಲಿ ನಮ್ಮ ಅಕ್ಷರ ಕಾಣದಿರುವುದು ನಮಗೆ ಹೊಸತಲ್ಲ. ಆದರೆ ನಾವೇ ದುಡ್ಡು ಕೊಟ್ಟು ಕೊಳ್ಳುವ ಯಂತ್ರವೂ ಹೀಗೆ ಮುಖ ತಿರುಗಿಸಬೇಕೆ? ಕೊನೆಗೆ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಮತ್ತೆ ಬರೆದೆವು. ಎರಡು ರವಿವಾರ ಅದಕ್ಕೇ ಹೋಯಿತು. ಬ್ಯಾಟರಿ ಒಳಗೇ ಮುಚ್ಚಿಕೊಂಡಿದೆ. ಅದು ಸತ್ತ ದಿನ ಯಂತ್ರವನ್ನೂ ಎಸೆಯಬೇಕಾದೀತು. ಗುಂಡಿಗಳು ಎಷ್ಟು ಚಿಕ್ಕವೆಂದರೆ ಚಾಳೀಸು ದಾಟಿದ ಕಣ್ಣಿಗೆ ಪರೀಕ್ಷೆ.

ಇವೆಲ್ಲಕ್ಕಿಂತ ದೊಡ್ಡ ಸಂಕಟ ಕಿವಿಯದು. ನಾವು ಒಂದು ಮೂಲೆಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತರೆ, ಎಂಟನೆಯ ತರಗತಿಯ ಮಗಳು ಇನ್ನೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಕೂರುತ್ತಾಳೆ. 1979ರಲ್ಲಿ ಸೋನಿ ಕಂಪೆನಿ ವಾಕ್‌ಮನ್ ಎಂಬ ಕಿಸೆಯ ಕ್ಯಾಸೆಟ್ ಯಂತ್ರವನ್ನು ಮೊದಲು ಮಾರುಕಟ್ಟೆಗೆ ತಂದಾಗ ಅದಕ್ಕೆ ಎರಡು ಕಿವಿತಂತಿಗಳ ತೂತು ಇಟ್ಟಿತ್ತು. ಒಬ್ಬರೇ ಕೇಳುತ್ತಾ ಕೂರುವುದು ಜೊತೆಯಲ್ಲಿದ್ದವರಿಗೆ ಮರ್ಯಾದೆಯಲ್ಲವೆಂದು ಮಾಡಿದವರಿಗೇ ಅನಿಸಿತ್ತಂತೆ. ಕ್ರಮೇಣ ಆ ಎರಡನೆಯ ತೂತು ಮಾಯವಾಯಿತು. 2001ರಲ್ಲಿ 'ಸಾವಿರ ಹಾಡು ಕಿಸೆಯಲ್ಲಿ' ಎಂದು ಬಂದ ಐಪಾಡ್ ಕೂಡ ಒಬ್ಬರ ಕಿವಿಗೇ ಬಂದದ್ದು. ಅದನ್ನೂ 2022ರಲ್ಲಿ ಕಂಪೆನಿ ನಿಲ್ಲಿಸಿತು. ಕಿವಿಯ ಆರೋಗ್ಯಕ್ಕೂ ಮಿತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ಅಷ್ಟೇ ಹೊತ್ತು, ಅದಕ್ಕಿಂತ ಮೀರಬಾರದು.

ಹಾಗಾದರೆ ಈ ಎತ್ತಿನ ಗಾಡಿ ಯಾಕೆ ಎಂಬ ಸಹೋದ್ಯೋಗಿಗಳ ಪ್ರಶ್ನೆಗೆ ಬರೋಣ.

1998ರಲ್ಲಿ ಅಕ್ಕನ ಮದುವೆಯಲ್ಲಿ ನಮ್ಮ ಅಮ್ಮನೂ ನೆರೆಕರೆಯ ಹೆಂಗಸರೂ ಸೇರಿ ಶೋಭಾನೆ ಹಾಡಿದ್ದರು. ತಂದೆಯವರು ಯಾರದೋ ಟೇಪ್ ರೆಕಾರ್ಡರ್ ಎರವಲು ತಂದು ಅದನ್ನು ಒಂದು ಕ್ಯಾಸೆಟ್ಟಿಗೆ ಹಿಡಿದರು. ಅದರ ಪ್ರತಿಯೊಂದು ಅಕ್ಕನ ಪೆಟ್ಟಿಗೆಯಲ್ಲಿ ಶಿರೋಳಿಗೆ ಹೋಯಿತು, ಮೂಲ ನಮ್ಮ ಅಟ್ಟದಲ್ಲಿ ಉಳಿಯಿತು. 2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಶಿರೋಳಿಯ ಬಳಿ ಹೆದ್ದಾರಿಯೇ ದಿನಗಟ್ಟಲೆ ನೀರಿನಲ್ಲಿ ಮುಳುಗಿದ ಸುದ್ದಿ ಎಲ್ಲರೂ ಓದಿದ್ದೀರಿ. ಆ ನೀರಿನಲ್ಲಿ ಅಕ್ಕನ ಹಾಸಿಗೆ, ಅಕ್ಕಿಯ ಜೊತೆಗೆ ಕ್ಯಾಸೆಟ್ಟೂ ಹೋಯಿತು. ಅನಂತರ ಎರಡು ವರ್ಷಕ್ಕೆ ಅಮ್ಮ ತೀರಿಕೊಂಡರು. ಈ ಬೇಸಗೆಯಲ್ಲಿ, ಮಗ ಯಂತ್ರವನ್ನು ನಮ್ಮ ಕೈಗೆ ಕೊಡುವಾಗ, ಅಕ್ಕ ಅಂದಳು: "ಇದರಲ್ಲಿ ಲೋಕದ ಹಾಡೆಲ್ಲ ಉಂಟು. ಅಮ್ಮನ ಸ್ವರ ಎಲ್ಲಿಂದ ತರುವುದು, ತಮ್ಮಾ?"

ಊರಿಗೆ ಬಂದು ಅಟ್ಟ ಹತ್ತಿದೆವು. ಕ್ಯಾಸೆಟ್ಟು ಸಿಕ್ಕಿತು, ಆದರೆ ನಮ್ಮ ಮಳೆಗಾಲದ ತೇವಕ್ಕೆ ನಾಡಾದ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಹಳೆಯ ಟೇಪ್ ರೆಕಾರ್ಡರ್ ದುರಸ್ತಿ ಮಾಡಿಸಿ, ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಹಿಡಿಯತೊಡಗಿದೆವು. ಇದರಲ್ಲಿ ಅವಸರ ನಡೆಯದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಎರಡನೆಯ ಬದಿಯ ನಡುವಿನಲ್ಲಿ ನಾಡಾ ತುಂಡಾಯಿತು. 60 ನಿಮಿಷದಲ್ಲಿ ಉಳಿದದ್ದು 41 ನಿಮಿಷ. ನಮ್ಮ ಸೋಮಾರಿತನದ ದಂಡ 19 ನಿಮಿಷ. ಹತ್ತು ವರ್ಷ ಹಿಂದೆ ಮಾಡಬಹುದಿತ್ತು, ಮಾಡಲಿಲ್ಲ.

ಆ 41 ನಿಮಿಷವನ್ನು ಒಂದು ಕಾರ್ಡಿಗೆ ಹಾಕಿ ಶಿರೋಳಿಗೆ ಕಳುಹಿಸಿದೆವು. ಅಕ್ಕ ಏನೂ ಹೇಳಲಿಲ್ಲ, ಫೋನಿನಲ್ಲಿ ಸ್ವಲ್ಪ ಹೊತ್ತು ಮೌನವಾಗಿದ್ದಳು. ವಾರದ ಮೇಲೆ ಅಳಿಯ ಫೋನು ಮಾಡಿದ: "ಮಾವ, ಅಜ್ಜಿ ಹಸೆಗೆ ಕರೆಯುವುದು ಅಂತ ಹಾಡುತ್ತಾರಲ್ಲ, ಹಸೆ ಅಂದರೆ ಏನು?" ಮದುಮಕ್ಕಳನ್ನು ಕೂರಿಸುವ ಮಣೆ, ಜಾಗ ಎಂದು ವಿವರಿಸಿದೆವು. ಮರುವಾರ ಇನ್ನೊಂದು ಶಬ್ದ. ನಮ್ಮ ಮಗಳು ಹಾಡುಗಳನ್ನೆಲ್ಲ ಪುಸ್ತಕದಲ್ಲಿ ಬರೆದು ಪಟ ತೆಗೆದು ಕಳುಹಿಸಿದರೆ, "ನನಗೆ ಓದಲು ಬರುವುದಿಲ್ಲವಲ್ಲ" ಎಂದ. ಈಗ ರವಿವಾರಕ್ಕೊಮ್ಮೆ ಅವಳೇ ಅವನಿಗೆ ಅಕ್ಷರ ಹೇಳಿಕೊಡುತ್ತಾಳೆ. ತ-ವರ್ಗದವರೆಗೆ ಬಂದಿದ್ದಾನೆ.

ಟಿ.ಸಿ.ಎಚ್. ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠವೇ ಇದು: ಭಾಷೆಯಲ್ಲಿ ಆಲಿಸುವುದು ಮೊದಲು, ಆಮೇಲೆ ಮಾತು, ಆಮೇಲೆ ಓದು, ಕೊನೆಗೆ ಬರಹ. ಸಂವಿಧಾನದ 350ಎ ವಿಧಿ 1956ರಿಂದ ಅಲ್ಪಸಂಖ್ಯಾತ ಮಕ್ಕಳ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ನಡೆಯುವಂತೆ ನೋಡಿಕೊಳ್ಳಲು ರಾಜ್ಯಗಳಿಗೆ ಹೇಳಿದೆ. ಅದಕ್ಕಾಗಿ ಹೋರಾಡಬೇಕು, ಹೋರಾಡುತ್ತಲೂ ಇದ್ದೇವೆ. ಆದರೆ ಮಗುವಿನ ಕಿವಿಗೆ ಮನೆಯಲ್ಲಿ ಏನು ಬೀಳಬೇಕೆಂಬುದಕ್ಕೆ ಯಾವ ವಿಧಿಯೂ ಇಲ್ಲ. ಮೊಬೈಲಿನಲ್ಲಿ ಒಂದು ಹಾಡು ಮುಗಿದರೆ ಮುಂದಿನದನ್ನು ನಮಗಾಗಿ ಬೇರೆ ಯಾರೋ ಆರಿಸಿರುತ್ತಾರೆ. ಕನ್ನಡದಲ್ಲಿ ಶುರುವಾದದ್ದು ಮೂರನೆಯ ಹಾಡಿಗೆ ಎಲ್ಲಿಗೋ ಹೋಗಿರುತ್ತದೆ. ಬೆಂಗಳೂರಿನ ಮಗುವಿಗಾದರೆ ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದೀತು. ನಮ್ಮ ಮಕ್ಕಳಿಗೆ ಬೀದಿ ಅದನ್ನು ಕೊಡುವುದಿಲ್ಲ. ಈ ಪುಟ್ಟ ಯಂತ್ರವಾದರೋ ನಾವು ತುಂಬಿದ್ದನ್ನು ಮಾತ್ರ ಹಾಡುತ್ತದೆ. ನಾವು ತುಂಬದಿದ್ದರೆ ಸುಮ್ಮನಿರುತ್ತದೆ. ಅದರ ದೋಷವೂ ಅದೇ, ಗುಣವೂ ಅದೇ. ಮಲಯಾಳದ, ಮರಾಠಿಯ ಹಾಡು ಬೇಡವೆಂದು ನಾವು ಹೇಳುತ್ತಿಲ್ಲ. ಅವು ಕೇಳದೆಯೇ ಬರುತ್ತವೆ. ಕರೆದು ಮಣೆ ಹಾಕಬೇಕಾದದ್ದು ನಮ್ಮದಕ್ಕೆ.

ಆದುದರಿಂದ ವಾಚಕರಲ್ಲಿ ನಮ್ಮದು ಮೂರು ವಿನಂತಿ. ಒಂದು, ಈ ಮಳೆಗಾಲ ಕಳೆಯುವುದರೊಳಗೆ ಅಟ್ಟದ ಕ್ಯಾಸೆಟ್ಟುಗಳನ್ನು ಇಳಿಸಿರಿ. ಅಂಗಡಿಯ ಯಕ್ಷಗಾನದ ಕ್ಯಾಸೆಟ್ಟು ಬೇರೆ ಮನೆಯಲ್ಲೂ ಇದ್ದೀತು. ನಿಮ್ಮ ಅಜ್ಜಿಯ ಹಾಡು ಇರಲಾರದು. ಎರಡು, ಧ್ವನಿಯನ್ನು ಕನಿಷ್ಠ ಎರಡು ಪ್ರತಿ ಮಾಡಿ ಎರಡು ಊರಿನಲ್ಲಿಡಿರಿ. ನೆರೆಯೂ ಬೂಷ್ಟೂ ಒಂದೇ ದಿನ ಎರಡು ಕಡೆ ಬರುವುದು ಅಪರೂಪ. ಮೂರು, ಕಿವಿತಂತಿಯನ್ನು ಬಸ್ಸಿಗೆ ಮೀಸಲಿಟ್ಟು, ಮನೆಯಲ್ಲಿ ಒಂದು ಸಣ್ಣ ಸ್ಪೀಕರಿಗೆ ಜೋಡಿಸಿರಿ. ಫೋನಿನಲ್ಲೇ ತುಂಬಿಸಿಟ್ಟು ಕೇಳಿಸಿದರೂ ಅಡ್ಡಿಯಿಲ್ಲ, ಯಂತ್ರ ಯಾವುದಾದರೇನು? ನಮ್ಮಲ್ಲಿ ರಾತ್ರಿ ಊಟದ ಮೇಲೆ ಅರ್ಧ ಗಂಟೆ ಹೀಗೆ ನಡೆಯುತ್ತದೆ. ಮೊದಲ ವಾರ ಮಗಳು ಮುಖ ಸಿಂಡರಿಸಿದಳು. ಈಗ ಇಂದು ಯಾವುದೆಂದು ಅವಳೇ ಆರಿಸುತ್ತಾಳೆ.

ಪರದೆಯಲ್ಲಿ ಇನ್ನೂ ಕನ್ನಡ ಅಕ್ಷರ ಬಂದಿಲ್ಲ. ತಯಾರಕರಿಗೆ ಒಂದು ಪತ್ರ ಬರೆದಿದ್ದೇವೆ, ಉತ್ತರ ಬಂದಿಲ್ಲ. ಇನ್ನೊಂದು ಬರೆಯುತ್ತೇವೆ.